ಮಡಿಕೆಯ ಒಳಗಿನ ಬದಿ

ನನಗೊಂದು ಕೆಟ್ಟ ಚಾಳಿಯಿದೆ, ಮೊದಲೇ ಹೇಳಿಬಿಡುತ್ತೇನೆ. ಏನನ್ನೇ ಆಗಲಿ, ಚೆಂದದ ಬದಿಯನ್ನೇ ಮೇಲೆ ಮಾಡಿ ತೋರಿಸುತ್ತೇನೆ. ಇದು ಹುಟ್ಟುಗುಣವಲ್ಲ, ಕಸುಬಿನ ಗುಣ. ರಬಕವಿಯಲ್ಲಿ ನೇಯುವ ಯಾರನ್ನಾದರೂ ಕೇಳಿ ನೋಡಿ. ಎಳೆ ತಪ್ಪಿದ ಜಾಗ ಒಳಗೆ ಹೋಗುವಂತೆ, ಸೆರಗು ಮೇಲೆ ಬರುವಂತೆ ಸೀರೆ ಮಡಚದೆ ಯಾರೂ ಮಾಲು ಕೊಳ್ಳುವ ಸಾವಕಾರನ ಮುಂದೆ ಕೂರುವುದಿಲ್ಲ. ಮದುವೆಯ ಹೊಸತರಲ್ಲಿ ನನ್ನ ಹೆಂಡತಿ ನೀಲವ್ವನಿಗೆ ನಾನು ಕಲಿಸಿದ ಮೊದಲ ವಿದ್ಯೆಯೇ ಈ ಮಡಿಕೆ. ಅಡಿಗೆ ಅವಳಿಗೆ ಮೊದಲೇ ಬರುತ್ತಿತ್ತು, ನನ್ನ ಪುಣ್ಯ.

ನಾವು ಮುಂಬೈ ರಾಜ್ಯದವರಾಗಿದ್ದ ಕಾಲದ ಮಾತು. ಲಾಳಿಯ ಹಗ್ಗ ಜಗ್ಗುವ ನನ್ನ ಬಲಗೈ ಸೋಲತೊಡಗಿತು. ಮೊದಲು ಮಗ್ಗದ ಮೇಲೆ ಸಿಟ್ಟಾದೆ, ಆಮೇಲೆ ಹಗ್ಗ ಬದಲಿಸಿದೆ, ಕೊನೆಗೆ ನೀಲವ್ವನ ರೊಟ್ಟಿಯಲ್ಲೇ ಸತ್ವವಿಲ್ಲವೆಂದು ಬೈದೆ. ಕೈಯಿಂದ ತುತ್ತು ಜಾರಿದ ದಿನ ಬೈಯಲು ಯಾರೂ ಉಳಿಯಲಿಲ್ಲ. ಆ ಕೈ ಹೋದರೆ ಮಗ್ಗ ಹೋಯಿತು. ಮಗ್ಗ ಬಿಟ್ಟರೆ ನನಗೆ ಬೇರೇನೂ ಬಾರದು. ನಿಜ ಹೇಳುತ್ತೇನೆ, ಹೆದರಿಬಿಟ್ಟೆ. ಊರಿನ ಡಾಕ್ಟರು ಮುಂಬೈಗೆ ಚೀಟಿ ಬರೆದುಕೊಟ್ಟರು.

ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಒಂದು ಯಂತ್ರವಿತ್ತು. ಸೂಜಿ ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ಚರ್ಮಕ್ಕೆ ಗಂಜಿಯಂಥದ್ದನ್ನು ಸವರಿ ಎರಡು ಬೆಳ್ಳಿ ಬಿಲ್ಲೆ ಅಂಟಿಸುತ್ತಾರೆ. ಮುಷ್ಟಿ ಬಿಗಿದರೆ ಸ್ನಾಯುವಿನೊಳಗಿನ ವಿದ್ಯುತ್ತನ್ನು ಅದು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ನೂಲಿಗೆ ಗಂಜಿ ಹಾಕಿದ ನೆನಪಾಗಿ ತುಸು ಧೈರ್ಯ ಬಂತು. ಕೈ ಚಾಚು ಎಂದರು ಡಾಕ್ಟರು, ಮರಾಠಿಯಲ್ಲಿ. ನಾನು ಚಾಚಿದ್ದು ಎಡಗೈ. ಬೇಕೆಂದು ಮಾಡಿದ್ದಲ್ಲ; ಮಾಲು ನೋಡುವವರು ಎದುರಿಗೆ ಕೂತಾಗ ಒಳ್ಳೆಯದು ತಾನಾಗಿ ಮುಂದೆ ಬಂತು. ಗೆರೆ ಎದ್ದೆದ್ದು ಬಿತ್ತು, ಕಾಗದದ ತುಂಬ ಒತ್ತಾದ ನೇಯ್ಗೆ. ಮೆಚ್ಚಿದರೇನೋ ಎಂದು ಅವರ ಮುಖ ನೋಡಿದೆ. ಅವರು ಚೀಟಿ ನೋಡಿ, ಇದು ಗಟ್ಟಿ ಇರುವ ಕೈಯಲ್ಲವೇ, ಇರಲಿ, ಹೋಲಿಸಲು ಬೇಕಾಗುತ್ತದೆ, ಈಗ ಇನ್ನೊಂದು ಕೊಡು ಎಂದರು. ಬಲಗೈ ಬಿಗಿದೆ, ಹಲ್ಲು ಕಚ್ಚಿದೆ, ಕಾಲ ಬೆರಳನ್ನೂ ಬಿಗಿದೆ. ಗೆರೆ ಅಲ್ಲೊಂದು ಇಲ್ಲೊಂದು ಗೀರು ಎಳೆದು ಮಲಗಿಬಿಟ್ಟಿತು. ನರವೇ ಸೊರಗಿದೆ, ಹಗ್ಗ ಜಗ್ಗುವ ಶಕ್ತಿ ಇನ್ನು ಬಾರದು ಎಂದು ಮೆಲ್ಲಗೆ ಹೇಳಿ, ಊರಿನ ಡಾಕ್ಟರಿಗೆ ತೋರಿಸಲು ಎರಡೂ ಕೈಯ ಗೆರೆಯಿದ್ದ ಆ ಕಾಗದದ ಪಟ್ಟಿ ಕೊಟ್ಟರು.

ರೈಲಿನಲ್ಲಿ ಅದನ್ನು ಮಡಚಿದೆ. ಹೇಗೆ ಮಡಚಿದೆನೆಂದು ನಿಮಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ನೀಲವ್ವ ಚರಕದ ಮುಂದೆ ಕೂತು ಲಾಳಿಗೆ ನೂಲು ಸುತ್ತುತ್ತಿದ್ದಳು. ಎಡಗೈಯ ಗೆರೆಯನ್ನು ಮುಂದೆ ಹಿಡಿದು, "ನೋಡು, ಕೈ ಛಲೋ ಐತಿ ಅಂದಾರ" ಎಂದೆ. ಅವಳು ಗೆರೆಯನ್ನು ನೋಡಲಿಲ್ಲ, ಮಡಿಕೆಯನ್ನು ನೋಡಿದಳು.

"ಒಳಗಿಂದ ತೋರಸ್ರಿ."

ತಾನೇ ಬಿಚ್ಚಿದಳು. ಬಹಳ ಹೊತ್ತು ನೋಡಿ, ನಾನು ಮಡಚಿದ್ದಂತೆಯೇ ಮತ್ತೆ ಮಡಚಿ ನನ್ನ ಕೈಗಿಟ್ಟಳು. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ. ಮರುದಿನ ಹೋಗಿ, ನಾನು ಕಾಲಿಳಿಬಿಟ್ಟು ಕೂರುತ್ತಿದ್ದ ಮಗ್ಗದ ಕುಣಿಯಲ್ಲಿ ತಾನು ಕೂತಳು.

ಈಗ ಅವಳು ನೇಯುತ್ತಾಳೆ, ನಾನು ಎಡಗೈಯಿಂದ ಚರಕ ತಿರುಗಿಸುತ್ತೇನೆ. ಅವಳ ಸೀರೆಗಳಲ್ಲಿ ಒಳಗೆ ಮಡಚುವಂಥದ್ದು ನನಗಿನ್ನೂ ಸಿಕ್ಕಿಲ್ಲ, ಹುಡುಕಿಯೂ ನೋಡಿದೆ. ಆದರೂ ಯಾರಾದರೂ ಬಂದು ಹೇಗಿದ್ದೀರೆಂದು ಕೇಳಿದರೆ, ಬಲಗೈಯನ್ನು ಹೊದ್ದ ಶಾಲಿನೊಳಗೆ ಸರಿಸಿ, "ಅರಾಮ ಅದೀನ್ರಿ" ಎನ್ನುತ್ತೇನೆ. ಮಗ್ಗದ ಕಡೆಯಿಂದ ಹಗ್ಗ ಜಗ್ಗುವ ಸದ್ದು ಆಗ ಒಂದು ಕ್ಷಣ ನಿಲ್ಲುತ್ತದೆ.