ಎರಡು ವಿಶಿಲಿಗೆ ಒಂದು ಗೆಲ್ಲು

“ಅಪಘಾತ ಅಂತ ಒಂದು ಇಲ್ಲವೇ ಇಲ್ಲ ರಮ್ಯಾ, ಇರುವುದು ಅಜಾಗ್ರತೆ ಮಾತ್ರ!” ಎಂದು ಹೆಂಡತಿ ರಮ್ಯಶ್ರೀಗೆ ಘೋಷಿಸಿ ನಾರಾವಿಯ ಡ್ರಿಲ್ ಮಾಷ್ಟ್ರು ಕೃಷ್ಣಪ್ರಸಾದ್ ಅಂಗಳಕ್ಕಿಳಿದರು. ಹಿಂದಿನ ದಿನವಷ್ಟೇ ಮೂಡುಬಿದಿರೆಯಲ್ಲಿ ಸುರಕ್ಷತೆಯ ತರಬೇತಿ ಮುಗಿಸಿ ಬಂದಿದ್ದರು. ಅಡುಗೆಮನೆಯ ಹಂಚಿನ ಮೇಲೆ ಹಲಸಿನ ಕೊಂಬೆಯೊಂದು ಬಾಗಿತ್ತು; ಆ ಗೆಲ್ಲನ್ನು ಗೆಲ್ಲದೆ ಅವರಿಗೆ ಸಮಾಧಾನವಿಲ್ಲ!

ಮೂವತ್ತು ವರ್ಷ ಮರವೇರಿ ಪಳಗಿದ ತುಕ್ರಪ್ಪನವರಿಗೆ ಹೆಲ್ಮೆಟ್ ತೊಡಿಸಿ ನಿಯಮ ಬೋಧಿಸಿದರು. “ಒಂದು ವಿಶಿಲ್ ಊದಿದ್ರೆ ನಿಲ್ಲಿಸಿ. ಎರಡಕ್ಕೆ ಕಡಿಯಿರಿ. ಮೂರಕ್ಕೆ ಹಗ್ಗ ಕತ್ತರಿಸಿ.”

“ಬಾಯಲ್ಲಿ ಹೇಳಿದ್ರೆ ಸಾಕಿತ್ತಲ್ಲ ಮಾಷ್ಟ್ರೇ?”

“ಹೆಲ್ಮೆಟಿನೊಳಗೆ ಮಾತು ಕೇಳುದಿಲ್ಲ ಮಾರಾಯ್ರೇ!”

ತುಕ್ರಪ್ಪ ಮರವೇರಿ, ಗೆಲ್ಲಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಮೇಲಿನ ಕವಲಿನ ಮೇಲಿಂದ ಹಾಯಿಸಿ ಕೆಳಗಿದ್ದ ಮಾಷ್ಟ್ರಿಗೆ ಇಳಿಬಿಟ್ಟರು. ಎರಡೂ ಕೈ ಖಾಲಿ ಇರಲೆಂದು ಮಾಷ್ಟ್ರು ಅದನ್ನು ಸೊಂಟಕ್ಕೇ ಬಿಗಿದುಕೊಂಡರು. ಮುಕ್ಕಾಲು ಕಡಿದು ತುಕ್ರಪ್ಪ ಸೂಚನೆಗೆ ಕಾದರು.

ಕುಸ್‌ಸ್! ಕುಸ್‌ಸ್!

ಕತ್ತಿ ಬಿತ್ತು. ಗೆಲ್ಲು ಹಂಚು ತಪ್ಪಿಸಿ ಧಡಾರನೆ ಕೆಳಗೆ. ಮಾಷ್ಟ್ರು ಸರ್ರನೆ ಮೇಲೆ!

ಗಾಳಿಯಲ್ಲಿ ಗಿರಗಿರ ತಿರುಗುತ್ತಾ ಅವರಿಗೆ ಒಂದೇ ಗೊಂದಲ: ನಾನು ಯಾವಾಗ ಊದಿದೆ? ವಿಶಿಲ್ ಬಾಯಲ್ಲೇ ಉಂಟು, ಊದಿದ ನೆನಪೇ ಇಲ್ಲ!

“ತುಕ್ರಪ್ಪಣ್ಣ, ಯಾಕೆ ಕಡಿದದ್ದು?” ವಿಶಿಲ್ ಕಚ್ಚಿಕೊಂಡೇ ಕೂಗಿದರು.

“ನೀವೇ ಎರಡು ಊದಿದಿರಲ್ಲ!”

“ನಾನು ಊದಲಿಲ್ಲ!”

“ಮತ್ತೆ ಯಾರು ಊದಿದ್ದು?”

ಕುಸ್‌ಸ್!

“ಮೂರಾಯ್ತು!” ಎಂದು ತುಕ್ರಪ್ಪ ಹಗ್ಗದತ್ತ ಕತ್ತಿ ಎತ್ತಿದರು.

“ಅಯ್ಯೋ, ಬೇಡ!” ಮಾಷ್ಟ್ರು ಕಿರುಚಿದ ರಭಸಕ್ಕೆ ಬಾಯಿಯ ವಿಶಿಲ್ ಉದುರಿತು.

ರಮ್ಯಶ್ರೀ ಸೌಟು ಹಿಡಿದೇ ಓಡಿಬಂದರು. “ಎಂಥ ಇದು? ನೀವು ಮೇಲೆ ಎಂಥ ಮಾಡ್ತಾ ಇದ್ದೀರಿ?”

“ಯಾರೋ ವಿಶಿಲ್ ಊದಿದ್ದಾರೆ!”

“ಯಾರೋ ಅಲ್ಲ, ಕುಕ್ಕರ್! ಕಡ್ಲೆ ಬೇಯಲಿಕ್ಕೆ ಇಟ್ಟಿದ್ದೇನೆ!” ಎಂದು ಒಳಗೋಡಿ ಗ್ಯಾಸ್ ಆರಿಸಿದರು.

ಕತ್ತಿ ಕೆಳಗಿಳಿಯಿತು. ಐದು ನಿಮಿಷ ಕಳೆಯಿತು. ತುಕ್ರಪ್ಪ ಅಲುಗಲಿಲ್ಲ.

“ನನ್ನನ್ನು ಇಳಿಸಿ ಮಾರಾಯ್ರೇ!”

“ಇಳಿಸುದಕ್ಕೆ ಎಷ್ಟು ವಿಶಿಲ್ ಅಂತ ನೀವು ಹೇಳಲೇ ಇಲ್ಲ ಮಾಷ್ಟ್ರೇ!”

ಕೊನೆಗೆ ರಮ್ಯಶ್ರೀ ಬೈದ ಮೇಲೆ ತುಕ್ರಪ್ಪ ಮರದಿಂದಿಳಿದು, ಗೆಲ್ಲಿನ ಕಡೆಯ ಹಗ್ಗ ಬಿಚ್ಚಿ, ಮೆಲ್ಲನೆ ಸಡಿಲಿಸಿ ಅವರನ್ನು ನೆಲಕ್ಕೆ ಮುಟ್ಟಿಸಿದರು. ಮಾಷ್ಟ್ರ ಮೊಣಕೈ ತರಚಿತ್ತು, ಸೊಂಟ ಕೆಂಪಾಗಿತ್ತು. ಇನ್ನೂ ಎರಡು ಗೆಲ್ಲು ಬಾಕಿ.

“ಈಗ ನಾನು ಎಲ್ಲಿ ನಿಲ್ಲುವುದು ಸೇಫ್, ತುಕ್ರಪ್ಪಣ್ಣ?” ಮಾಷ್ಟ್ರು ಸಣ್ಣ ದನಿಯಲ್ಲಿ ಕೇಳಿದರು.

ತುಕ್ರಪ್ಪ ಮರವನ್ನೊಮ್ಮೆ, ಮನೆಯನ್ನೊಮ್ಮೆ, ಪಕ್ಕದೂರಿನ ದಾರಿಯನ್ನೊಮ್ಮೆ ಅಳೆದು ನೋಡಿದರು.

“ವೇಣೂರಲ್ಲಿ.”