ಫಲಕದ ತೂಕ

ಮ್ಯೂಸಿಯಮ್ಮಿನ ಉಗ್ರಾಣದ ಗುಮಾಸ್ತರಿಗೆ ನಿವೃತ್ತಿಗೆ ಇನ್ನು ಎರಡೇ ವಾರ. ಅಂದು ಮಧ್ಯಾಹ್ನ ಇನ್‌ಸ್ಪೆಕ್ಟರು ಬಂದು ವಸ್ತುಗಳನ್ನು ಎಣಿಸಿ ಸಹಿ ಹಾಕಿದರೆ ಪಿಂಚಣಿಗೆ ತೊಡಕಿಲ್ಲ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ವಾದವೆಂದರೆ ಅವರಿಗೆ ಊಟ ನಿದ್ದೆ ಬೇಡ.

ಟೈಪಿಸ್ಟಮ್ಮ ಮಾರ್ಮನ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದವರು. ಪ್ರಾಚೀನ ಅಮೆರಿಕದ ಜನರ ಚರಿತ್ರೆಯನ್ನು ಚಿನ್ನದ ಹಾಳೆಗಳಲ್ಲಿ ಕೊರೆದು ಹೂತಿಟ್ಟಿದ್ದರು, ಅದು ಒಬ್ಬ ತರುಣನಿಗೆ ಸಿಕ್ಕಿ ಧರ್ಮಗ್ರಂಥವಾಯಿತು ಎಂಬುದು ಅವರ ನಂಬಿಕೆ.

“ಕೊಲಂಬಸ್ ಹೋದಾಗ ಅಲ್ಲಿ ಕುದುರೇನೇ ಇರಲಿಲ್ಲಮ್ಮ. ನಿಮ್ಮ ಪುಸ್ತಕಕ್ಕೆ ಎಲ್ಲಿಂದ ಬಂತು?” ಎಂದು ಗುಮಾಸ್ತರು ಕ್ಯಾಂಟೀನಿನಲ್ಲಿ ಕೆಣಕಿದರು.

“ಅಲ್ಲಿ ಇನ್ನೂ ನೆಲ ಅಗೀತಾನೇ ಇದ್ದಾರಲ್ಲ ಸರ್.”

“ಅದು ಬಿಡಿ. ಅಷ್ಟು ಚಿನ್ನ ಕಂಕುಳಲ್ಲಿಟ್ಟುಕೊಂಡು ಆ ತರುಣ ಓಡಿದ್ನಂತಲ್ಲ, ಆಗೋ ಮಾತಾ?”

“ಯಾಕಾಗಲ್ಲ? ನಾನು ಸಕ್ಕರೆ ಮೂಟೆ ಹೊತ್ತು ಮೆಟ್ಟಿಲು ಹತ್ತಲ್ವಾ?” ಎಂದು ಕ್ಯಾಂಟೀನಿನವರು ಮೂಗು ತೂರಿಸಿದರು.

ಗುಮಾಸ್ತರಿಗೆ ರೇಗಿತು. ಉಗ್ರಾಣದಿಂದ ಹಳೆಯ ಕಂಚಿನ ಫಲಕವೊಂದನ್ನು ತಂದು ಸಕ್ಕರೆ ತೂಗುವ ತಕ್ಕಡಿಗೆ ಹಾಕಿದರು. ಮೂರು ಕಿಲೋ. “ಕಂಚೇ ಇಷ್ಟು. ಚಿನ್ನ ಇದರ ಎರಡರಷ್ಟು. ಅಂಥ ಹಾಳೆಗಳ ಕಟ್ಟು ಎತ್ತೋಕೇ ಆಗಲ್ಲ, ಇನ್ನು ಓಡ್ತಾನಾ?” ಎಂದು ತೂಕವನ್ನು ಕಾಗದದಲ್ಲಿ ಬರೆದು, ಎಲ್ಲರ ಸಹಿ ಹಾಕಿಸಿ, ಗೋಡೆಗೆ ಅಂಟಿಸಿದರು.

ಟೀಗೆಂದು ಬಂದ ಇನ್‌ಸ್ಪೆಕ್ಟರು ಆ ಕಾಗದ ಓದಿ ರಿಜಿಸ್ಟರ್ ತೆರೆದರು. “ಇಲ್ಲಿ ಎರಡು ಕಿಲೋ ಅಂತಿದೆ. ಹಾಗಾದ್ರೆ ಅಸಲಿ ಫಲಕ ಎಲ್ಲಿ?”

ಗುಮಾಸ್ತರು ಥಟ್ಟನೆ, “ಇದು ಮೋಸದ ತಕ್ಕಡಿ ಸರ್” ಎಂದರು. ಕ್ಯಾಂಟೀನಿನವರ ಮುಖ ಊದಿಕೊಂಡಿತು.

“ಹಾಗಾದ್ರೆ ಆ ತರುಣ ಓಡಬಹುದಿತ್ತಲ್ವಾ ಸರ್?” ಎಂದು ಟೈಪಿಸ್ಟಮ್ಮ ಮೆಲ್ಲಗೆ ಕೇಳಿದರು.

“ಓಡಲಿ ಬಿಡಮ್ಮ, ಬೇಕಾದ್ರೆ ಹಾರಲಿ” ಎಂದ ಗುಮಾಸ್ತರು, ಈ ತೂಕವನ್ನು ನಂಬತಕ್ಕದ್ದಲ್ಲ ಎಂದು ಅದೇ ಕಾಗದದ ಕೆಳಗೆ ಬರೆದು ಸಹಿ ಹಾಕಿದರು. ಸೋತರೂ ಪಿಂಚಣಿ ಉಳಿಯಿತಲ್ಲ ಎಂದು ಉಸಿರು ಬಿಟ್ಟರು.

ಇನ್‌ಸ್ಪೆಕ್ಟರು ಮ್ಯೂಸಿಯಮ್ಮಿನ ಸ್ವಂತ ತಕ್ಕಡಿ ತರಿಸಿದರು. ಅದರಲ್ಲೂ ಮೂರೇ ಕಿಲೋ. ಎಂದೋ ಯಾರೋ ನಕಲಿ ಇಟ್ಟು ಅಸಲಿಯನ್ನು ಸಾಗಿಸಿದ್ದರು. ಇಷ್ಟು ವರ್ಷ ಎಣಿಸಿದವರೇ ಹೊರತು ತೂಗಿದವರಿರಲಿಲ್ಲ. ಬೀಗದ ಕೈ ಮಾತ್ರ ಗುಮಾಸ್ತರೊಬ್ಬರ ಹತ್ತಿರವೇ ಇದ್ದದ್ದು.

ಕ್ಯಾಂಟೀನಿನವರು ಮುಖ ತಿರುಗಿಸಿದರು. ಟೈಪಿಸ್ಟಮ್ಮ ಒಬ್ಬರೇ ಮುಂದೆ ಬಂದರು. “ಇವರು ಕದ್ದಿಲ್ಲ ಸರ್. ನಾನು ನಂಬ್ತೀನಿ.”

ಗುಮಾಸ್ತರ ಕಣ್ಣು ತುಂಬಿತು.

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು. “ನಂಬಿಕೆ ಇರಲಿ ತಾಯಿ. ಆಧಾರ ಏನಾದ್ರೂ ಇದೆಯಾ?”