ಮಾಗಿದ ಮರದ ದನಿ

ಬೆಳಗ್ಗೆ ಎದ್ದವರೇ ಗಡಿಯಾರ ರಿಪೇರಿಯವರು ನಡುಮನೆಯಲ್ಲಿದ್ದ ಹೆಂಡತಿಯ ಹೊಲಿಗೆ ಯಂತ್ರಕ್ಕೆ ಕಾಲಿನ ಹೆಬ್ಬೆರಳು ಜಜ್ಜಿಕೊಂಡರು. ರಾಮಾಯಣ ಶುರುವಾದದ್ದು ಅಲ್ಲಿಂದ.

“ಇದನ್ನ ದಾರೀಲಿ ಯಾಕಿಟ್ಟಿದ್ದೀಯ?”

“ಇನ್ನೆಲ್ಲಿಡ್ಲಿ? ಬೆಳಕಿರೋ ಒಂದೇ ಕೋಣೇಲಿ ನಿಮ್ಮ ಸ್ಪೀಕರುಗಳು ಮಹಾರಾಜರ ಥರ ಕೂತಿವೆ.”

ಆ ಕೋಣೆಯಲ್ಲಿ ಅಪ್ಪನ ಕಾಲದ ಎರಡು ಮರದ ಸ್ಪೀಕರು, ರೆಕಾರ್ಡ್ ಪ್ಲೇಯರು, ಒಂದೇ ಕುರ್ಚಿ. ಬೇರೆಯವರಿಗೆ ಪ್ರವೇಶವಿಲ್ಲ, ಮೈಮೇಲಿನ ಬಟ್ಟೆಯೂ ದನಿಯನ್ನು ಕುಡಿದುಬಿಡುತ್ತದೆ ಎಂಬುದು ಅವರ ವಾದ. ಹೋದ ವರ್ಷ ಅವರು ನಾಲ್ಕು ದಿನ ತಂಗಿಯ ಮನೆಗೆ ಹೋಗಿ ಬಂದಾಗಿನಿಂದಂತೂ ಆ ಸ್ಪೀಕರುಗಳ ದನಿ ಅರಳಿಬಿಟ್ಟಿತ್ತು. “ನಲವತ್ತು ವರ್ಷಕ್ಕೆ ಮರ ಮಾಗಿದೆ,” ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದರು.

ಜಗಳ ಕೇಳಿ ಮೇಲ್ಮನೆಯ ಹೆಡ್‌ಮಾಸ್ತರೂ ಪಕ್ಕದ ಮನೆಯ ನರ್ಸಮ್ಮನೂ ಬಂದರು. ಹೆಂಡತಿ ಫೋನು ಮಾಡಿದ್ದೇ ತಡ, ಸ್ಪೀಕರ್ ಅಂಗಡಿಯ ಭಾವಮೈದುನನೂ ಹೊಸ ಸ್ಪೀಕರೊಂದನ್ನು ಕಂಕುಳಲ್ಲಿಟ್ಟುಕೊಂಡು ಹಾಜರಾದ. ಅದರೊಳಗೊಂದು ಚಿಪ್. ಹಾಡನ್ನು ಅಂಕಿಗಳಾಗಿ ಒಡೆದು, ಕೋಣೆಯನ್ನು ಅಳೆದು, ದನಿಯನ್ನು ತಿದ್ದಿ ಕೊಡುವುದು ಅದರ ಕಸುಬು.

“ತಿದ್ದೋಕೆ ಅದೇನು ಕಾಪಿ ಪುಸ್ತಕವೇ?” ಎಂದ ರಿಪೇರಿಯವರು ಹೆಂಡತಿಯತ್ತ ತಿರುಗಿದರು. “ಕಣ್ಣು ಕಟ್ಟಿ ಎರಡನ್ನೂ ಕೇಳಿಸಿ. ಚಿಪ್ ಇರೋದನ್ನ ಚೆನ್ನಾಗಿದೆ ಅಂತ ನಾನು ಅಂದ್ರೆ ಕೋಣೆ ನಿನ್ನದು.”

“ಮಾಸ್ತರೇ, ಕೇಳಿಸ್ಕೊಂಡ್ರಲ್ಲ?” ಎಂದಳು ಹೆಂಡತಿ. ಭಾವಮೈದುನ ಯಾಕೋ ಅಕ್ಕನ ಮುಖ ನೋಡಿ ಕೆಮ್ಮಿದ.

ಎಲ್ಲರೂ ಕೋಣೆಯೊಳಕ್ಕೆ ನುಗ್ಗಿದರು. ನರ್ಸಮ್ಮ ಹೆಬ್ಬೆರಳಿಗೆ ತಂದ ಬ್ಯಾಂಡೇಜಿನಲ್ಲಿ ಮಿಕ್ಕಿದ್ದನ್ನು ಕಣ್ಣಿಗೆ ಕಟ್ಟಿದರು. ಮೊದಲ ಸಲ ಹಾಡು ಬಂತು, ಹೋಯಿತು, ಅಚ್ಚುಕಟ್ಟಾಗಿತ್ತು, ಅಷ್ಟೆ. ಎರಡನೆಯ ಸಲ, ಪಲ್ಲವಿ ಮುಗಿದು ಮುಂದಿನ ಸಾಲು ಶುರುವಾಗುವ ಮುಂಚೆ ಗಾಯಕಿ ಉಸಿರೆಳೆದುಕೊಂಡದ್ದು ಕೇಳಿಸಿತು. ತೀರಿಹೋಗಿ ಎಷ್ಟೋ ಕಾಲವಾದ ಹೆಂಗಸು ಎರಡು ಮಾರು ದೂರದಲ್ಲಿ ನಿಂತು ಉಸಿರಾಡುತ್ತಿದ್ದಾಳೆ. ರಿಪೇರಿಯವರ ಮೈ ಜುಮ್ಮೆಂದಿತು. ಬೆರಳಿನ ನೋವು ಮರೆತೇಹೋಯಿತು. ಮಾಸ್ತರು ಮೂಗು ಒರೆಸಿಕೊಂಡ ಸದ್ದಾಯಿತು.

“ಇದೇ,” ಎಂದರು ರಿಪೇರಿಯವರು. “ಇದೇ ನನ್ನ ಮರದ ದನಿ.”

“ಹೌದು ಭಾವ, ಅದು ನಿಮ್ಮದೇ.”

ರಿಪೇರಿಯವರು ಎದೆಯುಬ್ಬಿಸುವಷ್ಟರಲ್ಲಿ ಹೆಣ್ಣುದನಿಯೊಂದು ವಿನಯದಿಂದ ನುಡಿಯಿತು: “ಕೋಣೆಯಲ್ಲಿ ಜನ ಹೆಚ್ಚಾಗಿದ್ದಾರೆ. ದನಿಯನ್ನು ಸರಿಹೊಂದಿಸಲೇ?”

“ನಿನ್ನ ಡಬ್ಬದ ಬಾಯಿ ಮುಚ್ಚಿಸಪ್ಪ.”

“ಮಾತಾಡಿದ್ದು ನನ್ನದಲ್ಲ ಭಾವ. ನಿಮ್ಮದು.”

ಬ್ಯಾಂಡೇಜು ಕಿತ್ತು ನೋಡಿದರೆ ಹೆಂಡತಿ ಸೀರೆಯ ಸೆರಗು ಬೆರಳಿಗೆ ಸುತ್ತುತ್ತ ನಿಂತಿದ್ದಳು. “ಹೋದ ವರ್ಷ ನೀವು ಊರಲ್ಲಿಲ್ಲದಾಗ ಧೂಳು ಹೊಡೆಯೋಕೆ ಹೋಗಿ ಎರಡನ್ನೂ ಬೀಳಿಸ್ಬಿಟ್ಟೆ. ಇವನೇ ಬಂದು ಒಳಗಿಂದೆಲ್ಲ ಹೊಸದು ಹಾಕ್ದ. ಚಿಪ್ಪೂ ಸೇರಿ. ನೀವು ಮರ ಮಾಗಿದೆ ಅಂತ ಕುಣಿದಾಡ್ತಿದ್ರಿ, ಹೇಗೆ ಹೇಳ್ಲಿ?” ಚಿಪ್ ಹಾಕಿದ ಮೇಲೆ ಕೋಣೆಗೆ ಎರಡನೆಯವರು ಕಾಲಿಟ್ಟದ್ದೇ ಇವತ್ತು, ಅದು ಬಾಯಿಬಿಟ್ಟದ್ದೂ ಇವತ್ತೇ.

ಮಾಸ್ತರು ತೀರ್ಪು ಕೊಟ್ಟರು. ಮಧ್ಯಾಹ್ನದೊಳಗೆ ಹೊಲಿಗೆ ಯಂತ್ರ ಕಿಟಕಿಯ ಪಕ್ಕ ಬಂದು ಕೂತಿತು.

ಸಂಜೆ ರಿಪೇರಿಯವರು ತಮ್ಮ ಕುರ್ಚಿಯಲ್ಲಿ ಮುದುಡಿಕೊಂಡು ಅದೇ ರೆಕಾರ್ಡು ಹಾಕಿದರು. ಚಿಪ್ ಇರಲಿ ಬಿಡಲಿ, ಆ ಹೆಂಗಸು ಮತ್ತೆ ಬಂದು ನಿಂತು ಉಸಿರೆಳೆದುಕೊಂಡಳು. ಹೊಲಿಗೆ ಯಂತ್ರ ತಟ್ಟನೆ ನಿಂತಿತು.

“ಅಯ್ಯೋ, ಇಷ್ಟು ವರ್ಷ ಇದನ್ನ ಒಬ್ರೇ ಕೇಳ್ತಿದ್ರಾ?” ಹೆಂಡತಿಯ ಕಣ್ಣು ತುಂಬಿತ್ತು.

ಅವರ ಮನಸ್ಸು ಕರಗಿಹೋಯಿತು. “ಇನ್ನೊಂದ್ಸಲ ಹಾಕ್ಲಾ?”

“ಹಾಕಿ,” ಎಂದು ಅವಳು ಎದ್ದು ಬಂದು ಎದುರು ನಿಂತಳು. “ಆದ್ರೆ ಮೊದಲು ಏಳಿ. ಕುರ್ಚೀಲಿ ಕೂತ್ರೇ ಸರಿಯಾಗಿ ಕೇಳ್ಸೋದು ಅಂತ ನೀವೇ ಹೇಳ್ತಿದ್ರಲ್ಲ.”

ಗಡಿಯಾರ ರಿಪೇರಿಯವರು ಕುಂಟುತ್ತ ಹೋಗಿ ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತರು.